ಜಿನ್ನು ನಿಂತಾಗ ಕೇಳಿದ ದನಿ

ಆ ನಟಿಯ ಗಂಟಲಾಗಿ ನಾನು ಎಷ್ಟೋ ವರ್ಷ ದುಡಿದಿದ್ದೆ. ಅವರ ಹಿಂದಿ ಚಿತ್ರಗಳು ತೆಲುಗಿಗೆ ಡಬ್ ಆಗಿ ಟಿವಿಯಲ್ಲಿ ಬರುವಾಗ ಅವರ ತುಟಿಗೆ ಮಾತು ಕೂಡಿಸುತ್ತಿದ್ದವಳು ನಾನು. ಹೈದರಾಬಾದಿನ ಸ್ಟುಡಿಯೋದಲ್ಲಿ, ಗಾಳಿಯೂ ಆಡದ ಕೋಣೆಯೊಳಗೆ ನಿಂತು ಅವರ ಅಳು, ನಗು, ಬಿಕ್ಕಳಿಕೆ, ಸಾವು ಎಲ್ಲವನ್ನೂ ನಾನೇ ಮಾಡಿದ್ದೇನೆ. ಮಾತಿನ ಮಧ್ಯೆ ಅವರು ಎಲ್ಲಿ ಉಸಿರು ಎಳೆದುಕೊಳ್ಳುತ್ತಾರೆ, ಸಿಟ್ಟು ಬಂದಾಗ ಯಾವ ಅಕ್ಷರವನ್ನು ಹಲ್ಲಿನಲ್ಲಿ ಕಚ್ಚುತ್ತಾರೆ ಎಂಬುದು ಅವರ ಹೆತ್ತತಾಯಿಗಿಂತ ನನಗೆ ಚೆನ್ನಾಗಿ ಗೊತ್ತು ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಇಷ್ಟಾದರೂ ಅವರನ್ನು ಮೊದಲ ಸಲ ಕಣ್ಣಾರೆ ಕಂಡದ್ದು ಆಂಧ್ರದ ಗಡಿಯಲ್ಲಿರುವ ನನ್ನ ಊರಾದ ಆದೋನಿಯ ಸ್ಟೇಷನ್ನಿನಲ್ಲಿ, ಅವರು ಮುಂಬೈ ರೈಲಿನಿಂದ ಇಳಿದಾಗ.

ನಾನು ಯಾರೆಂದು ಅವರಿಗೆ ಮೊದಲೇ ಯಾರೋ ಹೇಳಿಬಿಟ್ಟಿದ್ದರು. ಚೀಲ ಕೆಳಗಿಟ್ಟವರೇ, ನಮಸ್ಕಾರಕ್ಕೂ ಮೊದಲು, ತಮ್ಮ ಯಾವುದಾದರೂ ಚಿತ್ರದ ಒಂದು ಮಾತನ್ನು ತೆಲುಗಿನಲ್ಲಿ ಹೇಳಿ ತೋರಿಸಿ ಅಂದರು. ನಾನು ಬಿಡುತ್ತೇನೆಯೇ? ಮಗಳನ್ನು ಕಳೆದುಕೊಂಡ ತಾಯಿಯ ದೃಶ್ಯವೊಂದನ್ನು ಪ್ಲಾಟ್‌ಫಾರ್ಮಿನ ಮೇಲೆಯೇ ಶುರು ಮಾಡಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಟೀ ಮಾರುವವನು ಗಾಬರಿಯಿಂದ ನೋಡುತ್ತ ನಿಂತ. "ಅಂದರೆ ಈ ಸೀಮೆಯಲ್ಲಿ ನಾನು ಅಳುವುದು ಹೀಗೆ" ಎಂದು ಹಿಂದಿಯಲ್ಲಿ ಹೇಳಿ ನಕ್ಕರು. ನಾನೂ ನಕ್ಕೆ. ಕಾರಿನಲ್ಲಿ ಕೂತ ಮೇಲೆ ನನ್ನ ಕಡೆ ತಿರುಗಿ, ಈ ಚಿತ್ರದಲ್ಲಿ ಮಾತ್ರ ನೀವು ನನ್ನ ಬದಲು ಅಳಬಾರದು, ನನಗೆ ಅಳುವುದನ್ನು ಕಲಿಸಬೇಕು ಅಂದರು. ಆಗ ಅವರ ಮುಖದಲ್ಲಿ ನಗು ಇರಲಿಲ್ಲ.

ನನ್ನನ್ನು ಕರೆಸಿದ್ದೂ ಅದಕ್ಕೇ. ಚಿತ್ರ ನಮ್ಮ ಕಡೆಯ ಕನ್ನಡದ್ದು, ನಡುನಡುವೆ ನಮ್ಮ ಬಾಯಲ್ಲಿ ತಾನಾಗಿ ಬರುವಷ್ಟು ತೆಲುಗು. ಮೇಡಂ ಎಂದು ನಾವೆಲ್ಲ ಕರೆಯುತ್ತಿದ್ದ ಆ ನಟಿಯದು ಹತ್ತಿರದ ಕೋಸಗಿಯಿಂದ ಬಂದು ಆದೋನಿಯಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ದುಡಿಯುವ ಹೆಂಗಸಿನ ಪಾತ್ರ. ದುಡಿಯಲು ದೂರದ ಊರಿಗೆ ಹೋದ ಗಂಡ ಮರಳಿ ಬಂದಿಲ್ಲ. ಪಾಪ, ಬಿಟ್ಟು ಹೋದ ಎಂದು ಓಣಿಯೆಲ್ಲ ಮರುಗುತ್ತದೆ. ನಿಜ ಬೇರೆಯೇ. ಬರಬೇಡ ಎಂದವಳು ಆಕೆಯೇ. ಆ ನಿಜವನ್ನು ಆಕೆ ಒಮ್ಮೆ ಮಾತ್ರ, ಒಬ್ಬ ಗೆಳತಿಯ ಮುಂದೆ ಬಾಯಿಬಿಡುತ್ತಾಳೆ. ಇಡೀ ಚಿತ್ರ ಆ ಒಂದು ದೃಶ್ಯದ ಮೇಲೆ ನಿಂತಿತ್ತು.

ಮಾತನ್ನೆಲ್ಲ ಚಿತ್ರೀಕರಣದ ಜಾಗದಲ್ಲೇ ಹಿಡಿಯಬೇಕು, ಆಮೇಲೆ ಸ್ಟುಡಿಯೋದಲ್ಲಿ ಕೂಡಿಸುವುದು ಬೇಡ ಎಂಬುದು ನಿರ್ದೇಶಕರ ಹಟ. ಆದರೆ ನಿರ್ಮಾಪಕರು ಒಪ್ಪಂದದಲ್ಲಿ ಒಂದು ಕಿಂಡಿ ಬಿಟ್ಟುಕೊಂಡಿದ್ದರು. ಭಾಷೆ ಒಗ್ಗದಿದ್ದರೆ ಮೇಡಂ ಅವರ ದನಿ ತೆಗೆದು ಬೇರೆಯವರಿಂದ ಡಬ್ ಮಾಡಿಸಬಹುದು. ಆ ಬೇರೆಯವರು ಯಾರು ಎಂದರೆ, ನಾನೇ. ಕಲಿಸುವವಳೂ ನಾನು, ಕಲಿಯದಿದ್ದರೆ ಅವರ ಜಾಗಕ್ಕೆ ನಿಲ್ಲುವವಳೂ ನಾನು. ಇಂಥ ಮೇಷ್ಟ್ರಿಕೆ ಯಾರಿಗೂ ಬೇಡ.

ಪಾಠ ಶುರುವಾದದ್ದು ಊರ ಹೊರಗಿನ ಅತಿಥಿಗೃಹದ ಮಹಡಿಯಲ್ಲಿ. ನನ್ನ ಪದ್ಧತಿಯಲ್ಲಿ ಮೊದಲು ಅರ್ಥ ಹೇಳುವುದಿಲ್ಲ. ಮಾತನ್ನು ಉಸಿರಿಗೊಂದರಂತೆ ತುಂಡು ಮಾಡಿ ಅದರ ಏರಿಳಿತ ಮಾತ್ರ ಕೊಡುತ್ತೇನೆ. ಕಲಿಯುವವರು ಬಾಯಿ ಮುಚ್ಚಿಕೊಂಡು ಅದನ್ನು ಗುನುಗಬೇಕು. ಅದು ಕೂತ ಮೇಲೆ ಅಕ್ಷರ, ಅಕ್ಷರ ಕೂತ ಮೇಲೆ ಅರ್ಥ. ಹಿಂದಿಯವರ ನಾಲಿಗೆಗೆ ನಮ್ಮ ‘ಳ’ ಸುಲಭಕ್ಕೆ ಸಿಗುವುದಿಲ್ಲ. ಕನ್ನಡಿ ಹಿಡಿದು ನಾಲಿಗೆ ಎಲ್ಲಿ ಮಡಿಯುತ್ತದೆ ಎಂದು ತೋರಿಸಬೇಕು. ಮೇಡಂ ಒಮ್ಮೆಯೂ ಬೇಸರಪಟ್ಟುಕೊಳ್ಳಲಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ ಮುಂದಿಟ್ಟುಕೊಂಡು ‘ಹೇಳು, ಕೇಳು, ಬಾಳು’ ಎಂದು ಜಪ ಮಾಡುತ್ತಲೇ ಊಟ ಮುಗಿಸುತ್ತಿದ್ದರು. ಬದಲಿಗೆ ನನ್ನ ದಖನಿ ಹಿಂದಿಯನ್ನು ಆಡಿಕೊಳ್ಳುತ್ತಿದ್ದರು. ಬೇಡ ಎನ್ನಲು ನಾನು ‘ನಕ್ಕೋ’ ಅಂದಾಗಲೆಲ್ಲ ಬಿದ್ದು ಬಿದ್ದು ನಗುವರು. ನಾನು ಅವರ ಕನ್ನಡ ತಿದ್ದುವುದು, ಅವರು ನನ್ನ ಹಿಂದಿ ತಿದ್ದುವುದು, ಹೀಗೆ ಸರಿಸಮವಾಗಿ ನಡೆದಿತ್ತು.

ಒಂದು ಮಧ್ಯಾಹ್ನ ಪಾಠ ನಿಲ್ಲಿಸಿ, ತಮ್ಮ ಮೊದಮೊದಲ ಚಿತ್ರಗಳಲ್ಲಿ ಇದ್ದದ್ದು ತಮ್ಮ ದನಿಯಲ್ಲ ಎಂದರು. ಅವರ ದನಿ ದಪ್ಪ, ನಾಯಕಿಗೆ ಒಪ್ಪುವುದಿಲ್ಲ ಎಂದು ಬೇರೆ ಯಾವಳೋ ಹುಡುಗಿಯ ದನಿ ಹಾಕಿದ್ದರಂತೆ. ಮೊದಲ ಪ್ರಶಸ್ತಿ ಬಂದದ್ದೂ ಅಂಥದೇ ಒಂದು ಚಿತ್ರಕ್ಕೆ. "ನಿಮ್ಮ ದನಿಯಲ್ಲಿ ಜೇನಿದೆ ಎಂದು ವೇದಿಕೆಯ ಮೇಲೆ ಹೊಗಳಿದರು. ನಾನು ಕೈಮುಗಿದೆ. ಆ ಹುಡುಗಿಯ ಹೆಸರೇನೆಂದು ನನಗೆ ಇವತ್ತಿಗೂ ಗೊತ್ತಿಲ್ಲ" ಅಂದರು. ಆಮೇಲೆ ಪ್ರತಿ ಚಿತ್ರಕ್ಕೂ ಜಗಳವಾಡಿ ತಮ್ಮ ಮಾತನ್ನು ತಾವೇ ಆಡಿದರು. ಕೆಲವು ಅವಕಾಶ ಅದರಿಂದಲೇ ತಪ್ಪಿದವು. ಕ್ರಮೇಣ ಆ ದಪ್ಪ ದನಿಗೆಂದೇ ಪಾತ್ರ ಬರೆಯುವವರು ಹುಟ್ಟಿಕೊಂಡರು, ಜನ ಅದನ್ನೇ ಮೆಚ್ಚಿದರು. ಈಗ ವಯಸ್ಸಾಗಿದೆ. ಅತ್ತೆ, ಜಡ್ಜಮ್ಮ, ವೀಲ್‌ಚೇರಿನ ಅಜ್ಜಿ ಇಂಥವೇ ಬರುತ್ತವೆ. ಬಹಳ ಕಾಲದ ಮೇಲೆ ಇಡೀ ಚಿತ್ರ ಹೊರುವಂಥ ಪಾತ್ರ ಸಿಕ್ಕಿದೆ, ಇದರಲ್ಲೂ ಬೇರೆಯವರ ದನಿ ಕೂತರೆ ಇಷ್ಟು ವರ್ಷ ನಡೆದದ್ದೆಲ್ಲ ಶುರುವಾದ ಜಾಗಕ್ಕೇ ಬಂದು ನಿಂತ ಹಾಗೆ ಎಂದರು. ಹೆಸರೂ ಗೊತ್ತಿಲ್ಲದ ಆ ಹುಡುಗಿ ಮಾಡಿದ್ದು ನನ್ನ ಕಸುಬೇ ಅಲ್ಲವೇ? ನಾನು ಕನ್ನಡಿ ಎತ್ತಿಕೊಂಡು ಪಾಠ ಮುಂದುವರಿಸಿದೆ.

ಮಾತೆಲ್ಲ ಬಾಯಿಗೆ ಕೂತ ಮೇಲೆ ನಿರ್ದೇಶಕರು ಒಂದು ಪರೀಕ್ಷೆ ಇಟ್ಟರು. ಆ ಮುಖ್ಯ ದೃಶ್ಯವನ್ನು ಆಗ ಬರೆದಿದ್ದದ್ದು ಮನೆಯ ಹಿತ್ತಲಲ್ಲಿ ನಡೆಯುವಂತೆ. ಹೆಂಗಸು ಗೆಳತಿಯ ಪಕ್ಕ ಕೂತು ತನ್ನ ಕಥೆಯನ್ನು ಉದ್ದಕ್ಕೆ ಹೇಳಿಕೊಳ್ಳುತ್ತಾಳೆ. ಅದನ್ನು ಮೇಡಂ ಬಾಯಿಂದ ಹೇಳಿಸಿ ರೆಕಾರ್ಡ್ ಮಾಡಿಕೊಂಡು, ಮಿಲ್ಲಿನ ಹೆಂಗಸರು ಬುತ್ತಿ ಬಿಚ್ಚುವ ಹೊತ್ತಿಗೆ ಅವರ ಬಳಿ ಹೋಗಿ ಕೇಳಿಸಿದೆವು. ಒಂದು ಅಕ್ಷರ ತಪ್ಪಿರಲಿಲ್ಲ. ನಾನು ಮನಸ್ಸಿನಲ್ಲೇ ನನ್ನ ಬೆನ್ನು ತಟ್ಟಿಕೊಳ್ಳುತ್ತಿದ್ದೆ. ಹೆಂಗಸರ ಗುಂಪಿಗೆ ಮೇಸ್ತ್ರಿಯಾಗಿದ್ದವಳು ಆಲೂರಿನ ಕಡೆಯ ಒಬ್ಬ ಗಟ್ಟಿ ಹೆಂಗಸು, ಎಲ್ಲರೂ ಮೇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಆಕೆ ಬಾಯಲ್ಲಿದ್ದ ತುತ್ತು ನುಂಗಿ ತೀರ್ಪು ಕೊಟ್ಟಳು.

"ಚಲೋ ಮಾತಾಡ್ಯಾರ್ರಿ, ತಪ್ಪಿಲ್ಲ. ಆದ್ರ ಈಕಿ ನಮ್ಮಾಕಿ ಅಲ್ಲ. ನಮ್ಮನ್ನ ಎಣಿಸಾಕ ಬರೋ ಆಫೀಸರಮ್ಮ ಮಾತಾಡಿದಂಗ ಐತಿ."

ಮೇಡಂ ಮುಖ ಸಣ್ಣದಾಯಿತು. ನಿರ್ಮಾಪಕರ ಕಡೆಯಿಂದ ಬಂದಿದ್ದ ಮ್ಯಾನೇಜರು ಬಳ್ಳಾರಿಯವರು, ಕಾಯುತ್ತಿದ್ದವರಂತೆ ತಮ್ಮ ಫೋನಿನಲ್ಲಿದ್ದ ಇನ್ನೊಂದು ರೆಕಾರ್ಡಿಂಗ್ ಹಚ್ಚಿದರು. ಪಾಠಕ್ಕೆಂದು ಅದೇ ಮಾತನ್ನು ನಾನು ಹೇಳಿದ್ದ ರೆಕಾರ್ಡಿಂಗ್ ಅದು. ಮೇಸ್ತ್ರಿ ಅಕ್ಕ ಅದನ್ನೂ ಕಿವಿಗೊಟ್ಟು ಕೇಳಿ, ಇದು ಇನ್ನೂ ಚೆನ್ನಾಗಿದೆ, ಇದು ಹತ್ತಿ ಸಾವ್ಕಾರರ ಮನೆ ಹೆಣ್ಣುಮಗಳದು ಅಂದಳು. ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ನಾನು ಬಜಾರಿನ ಹತ್ತಿ ವ್ಯಾಪಾರಿಯ ಮಗಳು ಎಂದು ಅಲ್ಲಿ ಯಾರಿಗೂ ಹೇಳಿರಲಿಲ್ಲ. ಸಿಟ್ಟು ನೆತ್ತಿಗೇರಿತು, ಆದರೆ ಆಕೆ ಹೇಳಿದ್ದು ನಿಜ. ಸೀಸನ್ನಿನಲ್ಲಿ ಜಿನ್ನಿನ ಸದ್ದು ನಮ್ಮ ಮನೆಗೆ ದಿನವಿಡೀ ಕೇಳುತ್ತಿತ್ತು. ಆ ಸದ್ದಿನೊಳಗೆ ನಿಂತವರು ಹೇಗೆ ಮಾತಾಡುತ್ತಾರೆ ಎಂದು ನಮ್ಮ ಮನೆಯಲ್ಲಿ ಯಾರೂ ವಿಚಾರಿಸಿದವರಲ್ಲ.

ಹೊರಗೆ ಹತ್ತಿಯ ರಾಶಿಯ ಪಕ್ಕ ಮ್ಯಾನೇಜರು ನನ್ನನ್ನು ನಿಲ್ಲಿಸಿಕೊಂಡರು. ಮುಖ ಅವರದು, ದನಿ ನಿಮ್ಮದು, ಜನಕ್ಕೆ ಇದು ಆಗಲೇ ರೂಢಿಯಾಗಿದೆ, ಮಿಲ್ಲಿನ ಹೆಂಗಸರ ಧಾಟಿ ನಿಮಗೆ ಎರಡು ದಿನದ ಕೆಲಸ ಎಂದರು. ಈ ಸಲ ನನ್ನ ಹೆಸರು ಪರದೆಯ ಮೇಲೆ ಬರುತ್ತದೆ ಎಂದೂ ಸೇರಿಸಿದರು. ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ದೃಶ್ಯವನ್ನು ನಾನು ಸೊಗಸಾಗಿ ಮಾಡಬಲ್ಲೆ ಎಂದು ನನಗೆ ಗೊತ್ತಿತ್ತು. ಯೋಚಿಸಿ ಹೇಳುತ್ತೇನೆ ಅಂದೆ.

ಮೇಡಂ ಅಷ್ಟರಲ್ಲಿ ಕೈಕಟ್ಟಿ ಕೂತಿರಲಿಲ್ಲ. ಬುತ್ತಿ ತೊಳೆಯಲು ಎದ್ದ ಮೇಸ್ತ್ರಿ ಅಕ್ಕನ ಹಿಂದೆಯೇ ಹೋಗಿ, ಕಲಿತ ಕನ್ನಡದಲ್ಲಿ, ನಿಮ್ಮ ಜೊತೆ ಒಳಗೆ ಕೆಲಸಕ್ಕೆ ಬರಲೇ ಎಂದು ಕೇಳಿದ್ದರು. ಆಕೆ ಇವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಪರ್ವಾಲೇದು, ಬರ್ರಿ. ಸೀರಿ ಸೆರಗು ಮಾತ್ರ ಬಿಗಿಯಾಗಿ ಸಿಗಸ್ರಿ" ಅಂದಳಂತೆ. ಮರುದಿನದಿಂದ ನಮ್ಮ ಪಾಠ ಮಹಡಿ ಇಳಿದು ಜಿನ್ನಿನ ಶೆಡ್ಡಿಗೆ ಬಂತು.

ಶೆಡ್ಡಿನ ಎರಡೂ ಕಡೆ ಜಿನ್ನುಗಳ ಸಾಲು. ಒಂದೊಂದರ ಮುಂದೆ ಒಬ್ಬೊಬ್ಬ ಹೆಂಗಸು ನಿಂತು ಹತ್ತಿಯನ್ನು ಬಾಚಿ ಬಾಚಿ ರೋಲರಿಗೆ ಕೊಡಬೇಕು. ಅರಳೆ ಒಂದು ಕಡೆ ಬರುತ್ತದೆ, ಬೀಜ ಕೆಳಗೆ ಉದುರುತ್ತದೆ. ಗಾಳಿಯ ತುಂಬ ಹತ್ತಿಯ ಧೂಳು. ಎಲ್ಲರೂ ಮೂಗು ಬಾಯಿಗೆ ಬಟ್ಟೆ ಸುತ್ತಿಕೊಂಡಿರುತ್ತಾರೆ. ಸದ್ದು ಎಂಥದೆಂದರೆ ಕಿವಿಗಿಂತ ಮೊದಲು ಎದೆಗೆ ತಿಳಿಯುತ್ತದೆ. ನೀರು ಬೇಕು, ಮಾಲಕರು ಬಂದರು, ರೋಲರು ಕಚ್ಚಿತು, ಇಂಥದಕ್ಕೆಲ್ಲ ಕೈಸನ್ನೆ. ಅದಕ್ಕೆ ಮೀರಿದ ಮಾತಾದರೆ ಬಾಯಿಯ ಬಟ್ಟೆ ಇಳಿಸಿ, ಪಕ್ಕದವಳ ಹೆಗಲು ಹಿಡಿದು, ಕಿವಿಗೆ ಬಾಯಿ ಹಚ್ಚಿ ಕೂಗಬೇಕು. ಆ ಕೂಗಿನಲ್ಲಿ ಏರಿಳಿತ ಇರುವುದಿಲ್ಲ. ಒಂದೊಂದು ಪದವನ್ನೂ ಬೇರೆ ಬೇರೆಯಾಗಿ ಮೊಳೆ ಹೊಡೆದಂತೆ ಹೇಳುತ್ತಾರೆ. ಕನ್ನಡದ ಪದ ಸದ್ದಿಗೆ ಸಾಲದಿದ್ದರೆ ತೆಲುಗಿನದನ್ನು ಎಳೆದುಕೊಳ್ಳುತ್ತಾರೆ. ನಾನು ಅಷ್ಟು ದಿನ ಗುನುಗಿಸಿ ಗುನುಗಿಸಿ ಕಲಿಸಿದ ಏರಿಳಿತಕ್ಕೆ ಅಲ್ಲಿ ಕೆಲಸವೇ ಇರಲಿಲ್ಲ.

ಇನ್ನೊಂದು ವಿಚಿತ್ರವೂ ಅಲ್ಲೇ ತಿಳಿಯಿತು. ಹೇಳಿಕೊಡಲು ನಾನು ಕೂಗಿದರೆ ನನ್ನ ನಯವಾದ ದನಿ ಆ ಗದ್ದಲದಲ್ಲಿ ಮುಳುಗಿ ಹೋಗುತ್ತಿತ್ತು. ಮೇಡಂ ಅವರ ದಪ್ಪ ದನಿ ಮಾತ್ರ ಸೀದಾ ಬಂದು ಕಿವಿಗೆ ತಗಲುತ್ತಿತ್ತು. ಮುಂಬೈಯವರು ಬೇಡವೆಂದ ಗಂಟಲು ಜಿನ್ನಿಗೆ ಹೇಳಿ ಮಾಡಿಸಿದಂತಿತ್ತು. ಅವರು ಮೊದಮೊದಲು ಕೂಗಿದ್ದು ಕೇವಲ ನೀರು, ಬಟ್ಟೆ, ಸೊಂಟ ನೋವು. ಆಮೇಲೆ ಹೆಂಗಸರು ಇವರ ಕಿವಿಗೂ ಕೂಗತೊಡಗಿದರು. ಇವರಿಗೆ ಅರ್ಧ ಅರ್ಥವಾಗುತ್ತಿತ್ತೋ ಇಲ್ಲವೋ, ಉತ್ತರ ಮಾತ್ರ ಕೊಡುತ್ತಿದ್ದರು. ತಪ್ಪು ಮಾತಾಡಿದರೂ ಸದ್ದಿನಲ್ಲಿ ಯಾರಿಗೂ ಅದು ತಪ್ಪೆನಿಸುತ್ತಿರಲಿಲ್ಲ. ಮೇಡಂ ಹೋಗಿ ಅಕ್ಕ ಆದರು.

ಒಂದು ದಿನ ಕೆಲಸದ ನಡುವೆ ಕರೆಂಟು ಹೋಯಿತು. ಜಿನ್ನುಗಳ ಸದ್ದು ಇಳಿಯತೊಡಗಿತು. ನಮ್ಮ ಎದುರಿನ ಯಂತ್ರದ ಹುಡುಗಿಯೊಬ್ಬಳು ಗೆಳತಿಯ ಕಿವಿಗೆ ಅತ್ತೆಯ ವಿಷಯ ಏನೋ ಕೂಗುತ್ತಿದ್ದಳು. ರೋಲರು ಪೂರ್ತಿ ನಿಲ್ಲುವ ಮೊದಲೇ ಗೆಳತಿಯ ಅಂಗೈ ಆ ಹುಡುಗಿಯ ಬಾಯಿಯ ಮೇಲಿತ್ತು. ತಿರುಗಿ ನೋಡಿದರೆ ಶೆಡ್ಡಿನ ಉದ್ದಕ್ಕೂ ಹಾಗೆಯೇ, ಒಬ್ಬಳ ಕೈ ಇನ್ನೊಬ್ಬಳ ಬಾಯಿಯ ಮೇಲೆ. ಮರುಕ್ಷಣ ಎಲ್ಲರೂ ಗೊಳ್ಳೆಂದು ನಕ್ಕರು. ಇದೇನೆಂದು ಮೇಸ್ತ್ರಿ ಅಕ್ಕನನ್ನು ಕೇಳಿದೆ. ಮನೆ ಎಂದರೆ ಒಂದೇ ಕೋಣೆ, ಓಣಿಯಲ್ಲಿ ಗೋಡೆಗೂ ಕಿವಿ, ಗುಟ್ಟು ಹೇಳಿಕೊಳ್ಳಲು ಇರುವ ಜಾಗ ಇದೊಂದೇ ಎಂದಳು. ಕರೆಂಟು ಹೋದರೆ ಕೂಗುತ್ತಿದ್ದ ಗುಟ್ಟು ಊರಿಗೆಲ್ಲ ಕೇಳುತ್ತದೆ.

"ಹೇಳಾಕಿಗೆ ತನ್ನ ದನಿ ಬಿಟ್ರ ಏನೂ ಕೇಳಂಗಿಲ್ರಿ. ಸದ್ದು ಇಳಿಯೋದು ಕೇಳಾಕಿಗೆ ಗೊತ್ತಾಕೈತಿ. ಬಾಯಿ ಮ್ಯಾಲೆ ಕೈ ಇಡೋದು ಕೇಳಾಕಿ ಕೆಲಸ."

ನಾನು ಮೇಡಂಗೆ ಹಿಂದಿಯಲ್ಲಿ ತಿಳಿಸಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹಿತ್ತಲ ದೃಶ್ಯ ಅಲ್ಲಿಗೆ ಮುಗಿದಿತ್ತು. ಈ ಹೆಂಗಸು ಅಂಥ ಮಾತನ್ನು ಹಿತ್ತಲಲ್ಲಿ ಕೂತು ಹೇಳುವವಳೇ ಅಲ್ಲ, ಜಿನ್ನಿನ ಮುಂದೆ ನಿಂತು ಕೂಗಿ ಹೇಳುವವಳು.

ನಿರ್ದೇಶಕರು ಮೊದಲು ಒಪ್ಪಲಿಲ್ಲ. ಹಿತ್ತಲ ಸೆಟ್ಟು ತಯಾರಾಗಿತ್ತು. ನಾವು ರೂಢಿಯ ವಿಷಯ ಹೇಳಿದೆವು, ಮೇಡಂ ಬಾಯಿಯ ಮೇಲೆ ನಾನು ಕೈ ಇಟ್ಟು ತೋರಿಸಿದೆ. ಕೈಯ ಮೇಲಿಂದ ಆ ಕಣ್ಣುಗಳು ನೋಡುತ್ತಿದ್ದವು. ದೃಶ್ಯ ಅಲ್ಲೇ ಮುಗಿಯಲಿ ಎಂದು ನಿರ್ದೇಶಕರು ನಿಂತ ನಿಲುವಿನಲ್ಲೇ ಒಪ್ಪಿದರು. ಗೆಳತಿಯ ಪಾತ್ರ ಮೇಸ್ತ್ರಿ ಅಕ್ಕನಿಗೇ ಹೋಯಿತು. ಆಕೆಗೆ ಮಾತಿಲ್ಲ, ಕೇಳುವುದು, ಕೈ ಇಡುವುದು, ಅಷ್ಟೇ. ಉದ್ದನೆಯ ಮಾತೆಲ್ಲ ಕತ್ತರಿಸಿ ಹೋಗಿ ಇಷ್ಟು ಉಳಿಯಿತು: ‘ಅವ ನನ್ನ ಬಿಟ್ಟು ಹೋಗ್ಯಾನ ಅಂತ ಮಂದಿ ಅಂತಾರ. ಸುಳ್ಳು. ಅವನ್ನ ಬರಬ್ಯಾಡ ಅಂದಾಕಿ ನಾನು.’ ಮೊದಲಿನದು ಸದ್ದಿನಲ್ಲಿ, ಕೊನೆಯದು ಸದ್ದು ನಿಂತ ಮೇಲೆ.

ಮ್ಯಾನೇಜರು ತಲೆಯಾಡಿಸಿದರು. ಅಂಥ ಗದ್ದಲದಲ್ಲಿ ದನಿ ಹಿಡಿಯುವುದು ಆಗದ ಮಾತು, ಹೇಗಿದ್ದರೂ ಡಬ್ ಮಾಡಬೇಕಾಗುತ್ತದೆ, ಅದಕ್ಕೆ ಇವರಿದ್ದಾರೆ ಎಂದು ನನ್ನ ಕಡೆ ಕೈ ಮಾಡಿದರು. ಎಲ್ಲರೂ ನನ್ನನ್ನು ನೋಡಿದರು, ಮೇಡಂ ಒಬ್ಬರನ್ನು ಬಿಟ್ಟು. ಅವರು ಬಟ್ಟೆಗೆ ಅಂಟಿದ ಹತ್ತಿಯನ್ನು ಬಿಡಿಸುತ್ತಿದ್ದರು. ಅವರ ಜಾಗದಲ್ಲಿ ನಾನು ನಿಂತಿದ್ದರೆ ಹೇಗಿರುತ್ತಿತ್ತು ಎಂಬುದು ಆ ಕ್ಷಣದಲ್ಲಿ ನನಗೆ ನೆಟ್ಟಗೆ ತಿಳಿಯಿತು.

"ಡಬ್ಬಿಂಗಿಗೆ ನಾನು ಬರಂಗಿಲ್ರಿ" ಅಂದೆ. "ಈ ಚಿತ್ರಕ್ಕ ನನ್ನ ಗಂಟಲಿಲ್ಲ ಅಂತ ತಿಳ್ಕೋರಿ."

ಹೇಳಿದ ಮೇಲೆ ಎದೆ ಹಗುರಾಯಿತು ಎಂದೇನೂ ಇಲ್ಲ. ಬಂದ ಅವಕಾಶ ಎಡಗಾಲಲ್ಲಿ ಒದ್ದೆ ಎಂದು ಗೊತ್ತಿತ್ತು. ಮ್ಯಾನೇಜರಿಗೆ ಬಿಸಿಯಾಯಿತು, ಬೆಂಗಳೂರಿನಲ್ಲಿ ಬೇರೆಯವರಿದ್ದಾರೆ ಎಂದರು. ಕೊನೆಗೆ ನಿರ್ದೇಶಕರು ನಡುವೆ ಬಂದು ತೀರ್ಮಾನ ಮಾಡಿದರು. ಮಿಲ್ಲಿನ ರಜೆಯ ದಿನ ಶೆಡ್ಡು ನಮ್ಮ ಕೈಗೆ ಸಿಗುತ್ತದೆ. ಅವತ್ತು ದನಿ ಸಿಕ್ಕರೆ ಚಿತ್ರವಿಡೀ ಮೇಡಂ ಅವರದೇ. ಸಿಗದಿದ್ದರೆ ಬೆಂಗಳೂರು.

ರಜೆಯ ದಿನ ಮೇಸ್ತ್ರಿ ಅಕ್ಕನ ಗುಂಪಿನ ಹೆಂಗಸರೇ ಯಂತ್ರಗಳ ಮುಂದೆ ನಿಂತರು. ಮಿಲ್ಲಿನವರು ಒಂದು ರಾಶಿ ಹತ್ತಿ ಬಿಟ್ಟುಕೊಟ್ಟಿದ್ದರು, ಅದು ಮುಗಿದರೆ ಮುಗಿಯಿತು. ಧ್ವನಿ ಹಿಡಿಯುವವರು ಮೇಡಂ ಸೆರಗಿನ ಮಡಿಕೆಯಲ್ಲಿ ಒಂದು ಸಣ್ಣ ಮೈಕು ಅಡಗಿಸಿ, ಇನ್ನೊಂದನ್ನು ಮೇಲಿನ ತೊಲೆಗೆ ಇಳಿಬಿಟ್ಟರು. ಯಂತ್ರ ಓಡುವಾಗ ಎರಡರಲ್ಲೂ ಜಿನ್ನು ಬಿಟ್ಟು ಏನೂ ಕೇಳುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟರು. ತೊಡಕು ಇದ್ದದ್ದು ಅಲ್ಲೇ. ಸ್ವಿಚ್ಚು ಎಳೆದ ಕೂಡಲೇ ಜಿನ್ನು ನಿಲ್ಲುವುದಿಲ್ಲ, ರೋಲರು ಇನ್ನಷ್ಟು ಹೊತ್ತು ತಿರುಗಿ ಆಮೇಲೆ ಸುಮ್ಮನಾಗುತ್ತದೆ. ಹಾಗಾಗಿ ಕೊನೆಯ ಮಾತಿಗೆ ಮುಂಚೆ, ಸರಿಯಾದ ಪದಕ್ಕೆ ಸ್ವಿಚ್ಚು ಬೀಳಬೇಕು. ಆದರೆ ಮೇಡಂ ಯಾವ ಪದದಲ್ಲಿದ್ದಾರೆ ಎಂದು ಕೇಳುವವರು ಯಾರು? ಹೆಡ್‌ಫೋನ್ ಹಾಕಿಕೊಂಡವರಿಗೂ ಕೇಳದು.

ಕೇಳಬೇಕಾಗಿಲ್ಲ, ನೋಡಿದರೆ ಸಾಕು ಅಂದೆ. ತುಟಿ ಓದುವುದು ನನ್ನ ಹೊಟ್ಟೆಪಾಡು, ಅದರಲ್ಲೂ ಆ ತುಟಿ. ಕ್ಯಾಮೆರಾದ ಹಿಂದೆ ಹತ್ತಿಯ ರಾಶಿಯ ಮೇಲೆ ಹತ್ತಿ ನಿಂತೆ, ಕೈಯಲ್ಲಿ ಕೆಂಪು ಬಟ್ಟೆ. ಶೆಡ್ಡಿನ ಕೊನೆಯಲ್ಲಿ ಬೋರ್ಡಿನ ಬಳಿ ಮಿಲ್ಲಿನ ಎಲೆಕ್ಟ್ರಿಷಿಯನ್. ಬಟ್ಟೆ ಬೀಸಿದರೆ ಸಾಕಕ್ಕಾ, ನನ್ನ ಕಣ್ಣೆಲ್ಲ ನಿಮ್ಮ ಮೇಲೆಯೇ ಎಂದು ತೆಲುಗಿನಲ್ಲಿ ಹೇಳಿ ಹೋಗಿದ್ದ.

ಮೊದಲನೆಯ ಸಲ ನಾನು ತಡಮಾಡಿದೆ. ಮಾತು ಮುಗಿದು ಮೇಸ್ತ್ರಿ ಅಕ್ಕನ ಕೈ ಬಾಯಿಗೆ ಬಂದರೂ ರೋಲರು ಇನ್ನೂ ತಿರುಗುತ್ತಿತ್ತು. ಒಮ್ಮೆ ನಿಂತರೆ ಮತ್ತೆ ಓಡಿಸುವುದು ಸುಲಭವಲ್ಲ. ಹತ್ತಿ ಕಚ್ಚಿಕೊಂಡಿರುತ್ತದೆ, ಫಿಟ್ಟರು ಒಂದೊಂದೇ ಯಂತ್ರವನ್ನು ಬಿಡಿಸಿ ಬರಬೇಕು. ಅಷ್ಟು ಹೊತ್ತೂ ಮೇಡಂ ನಿಂತ ಜಾಗ ಬಿಟ್ಟು ಕದಲಲಿಲ್ಲ. ಮುಂದಿನ ಸಲ ಸ್ವಿಚ್ಚು ಸರಿಯಾಗಿ ಬಿತ್ತು, ಸದ್ದು ಸರಿಯಾಗಿ ನಿಂತಿತು, ಮಾತೂ ಸ್ಪಷ್ಟವಾಗಿ ಸಿಕ್ಕಿತು. ಆದರೆ ಸದ್ದು ನಿಂತದ್ದೇ ಮೇಡಂ ದನಿ ತಗ್ಗಿತು. ಎಷ್ಟೋ ವರ್ಷದ ನಟಿ, ಮೌನ ಬಿದ್ದರೆ ಅದಕ್ಕೆ ತಕ್ಕಂತೆ ಮಾತನ್ನು ಹದ ಮಾಡಿಕೊಳ್ಳುವುದು ಅವರ ಮೈಗೆ ಹತ್ತಿತ್ತು. ಕೇಳಿದರೆ ಮತ್ತೆ ಅದೇ ಆಫೀಸರಮ್ಮ. ಅದರ ಮುಂದಿನದೂ ಹಾಗೇ ಹೋಯಿತು. ಮ್ಯಾನೇಜರು ಫೋನ್ ಹಿಡಿದು ಹೊರಗೆ ನಡೆದರು. ಯಾರಿಗೆ ಫೋನ್ ಎಂದು ಎಲ್ಲರಿಗೂ ಗೊತ್ತಿತ್ತು.

ರಾಶಿಯಲ್ಲಿ ಇನ್ನೊಂದು ಸಲಕ್ಕೆ ಸಾಲುವಷ್ಟು ಹತ್ತಿ ಉಳಿದಿತ್ತು. ನಾನು ರಾಶಿ ಇಳಿದು ಮೇಡಂ ಬಳಿ ಹೋದೆ. ತಾವು ಸದ್ದು ನಿಲ್ಲುವುದನ್ನೇ ಕಾಯುತ್ತಿದ್ದೇವೆ ಎಂದು ಅವರಿಗೂ ತಿಳಿದಿತ್ತು, ತಿಳಿದರೂ ಬಿಡಲು ಆಗುತ್ತಿರಲಿಲ್ಲ. ಈ ಸಲ ಸ್ವಿಚ್ಚು ಎಳೆಯುವುದೇ ಇಲ್ಲ, ದನಿಯ ಆಸೆ ಬಿಟ್ಟೆವು, ಬರೀ ಮುಖ ಹಿಡಿಯುತ್ತೇವೆ, ನೀವು ಮೇಸ್ತ್ರಿ ಅಕ್ಕನಿಗೆ ಅರ್ಥವಾಗುವ ತನಕ ಹೇಳಿ ಸಾಕು ಎಂದು ಸುಳ್ಳು ಹೇಳಿದೆ. ಅವರ ಮುಖದಲ್ಲಿ ಆದ ನೋವನ್ನು ನೋಡಲಾಗಲಿಲ್ಲ. ತಲೆಯಾಡಿಸಿದರು. ಮೇಸ್ತ್ರಿ ಅಕ್ಕನಿಗೂ ಅಷ್ಟೇ ಹೇಳಿದೆ. ನಿಜ ಹೇಳಿದ್ದು ನಿರ್ದೇಶಕರಿಗೆ, ಧ್ವನಿಯವರಿಗೆ, ಎಲೆಕ್ಟ್ರಿಷಿಯನ್ನಿಗೆ ಮಾತ್ರ. ಇದು ತಪ್ಪಿದರೆ ಮೇಡಂ ಮತ್ತೆ ನನ್ನ ಮುಖ ನೋಡುವುದಿಲ್ಲ ಎಂದುಕೊಂಡು ಮತ್ತೆ ರಾಶಿ ಹತ್ತಿದೆ.

ಜಿನ್ನುಗಳು ಓಡಿದವು. ಮೇಡಂ ಬಾಯಿಯ ಬಟ್ಟೆ ಇಳಿಸಿ, ಮೇಸ್ತ್ರಿ ಅಕ್ಕನ ಹೆಗಲು ಹಿಡಿದು ಕೂಗಿದರು. ಆಕೆ ಏನು ಎಂಬಂತೆ ಕೈ ಮಾಡಿದಳು, ನಿಜವಾಗಿಯೂ ಕೇಳಿಸಿರಲಿಲ್ಲ. ಮೇಡಂ ಇನ್ನೂ ಹತ್ತಿರ ಬಂದು ಮತ್ತೆ ಮೊದಲಿನಿಂದ ಕೂಗಿದರು. ಕತ್ತಿನ ನರ ಉಬ್ಬಿ ಬಂತು. ಬರೆದ ಮಾತಿನ ಲೆಕ್ಕ ತಪ್ಪಿತ್ತು, ನಾನು ಪದ ಪದ ಹಿಡಿದುಕೊಂಡು ಹೋಗುತ್ತಿದ್ದೆ. ಮಂದಿ. ಅಂತಾರ. ‘ಸುಳ್ಳು’ ಎಂಬುದಕ್ಕೆ ನಾಲಿಗೆ ಮಡಿಯುವ ಮೊದಲೇ ಬಟ್ಟೆ ಬೀಸಿದೆ.

ಸದ್ದು ಇಳಿಯಿತು. ಮೇಡಂಗೆ ಅದು ಗೊತ್ತಾಗಲಿಲ್ಲ.

"ಅವನ್ನ ಬರಬ್ಯಾಡ ಅಂದಾಕಿ ನಾನು!"

ಆ ದಪ್ಪ ದನಿ, ಒಡೆದು, ನಯನಾಜೂಕಿಲ್ಲದೆ, ಶೆಡ್ಡಿನ ಆ ತುದಿಯವರೆಗೂ ಹೋಯಿತು. ಕರೆಂಟು ನಿಜವಾಗಿ ಹೋಯಿತೆಂದೇ ತಿಳಿದ ಮೇಸ್ತ್ರಿ ಅಕ್ಕ ಗಾಬರಿಯಿಂದ ಮೇಡಂ ಬಾಯಿಯ ಮೇಲೆ ಕೈ ಒತ್ತಿದಳು. ಕ್ಯಾಮೆರಾ ಇದೆ ಎಂಬುದನ್ನೂ, ತನಗೆ ಮಾತಿಲ್ಲ ಎಂಬುದನ್ನೂ ಮರೆತಿದ್ದಳು.

"ಬಾಯಿ ಮುಚ್ಚ ಯವ್ವಾ, ಎಲ್ಲಾರೂ ಕೇಳಿದ್ರು."

ಅಂಗೈಯ ಮೇಲಿಂದ ಆ ಕಣ್ಣುಗಳು ಕಂಡವು. ದೃಶ್ಯ ಮುಗಿಯಬೇಕಾದದ್ದು ಅಲ್ಲಿಗೆ. ನಿರ್ದೇಶಕರು ಕಟ್ ಹೇಳಲು ಬಾಯಿ ತೆರೆದದ್ದನ್ನು ನಾನು ನೋಡಿದೆ. ಅಷ್ಟರಲ್ಲಿ ಮೇಡಂ ಆ ಕೈಯನ್ನು ಹಿಡಿದು, ಮೆಲ್ಲಗೆ ಕೆಳಗಿಳಿಸಿ, ಬಿಡದೆ ಹಿಡಿದುಕೊಂಡೇ ಹೇಳಿದರು.

"ಕೇಳ್ಲಿ ಬಿಡಕ್ಕ. ಕೇಳ್ಲಿ ಅಂತನ ಹೇಳೀನಿ."

ಯಾರೂ ಕಟ್ ಅನ್ನಲಿಲ್ಲ. ಯಂತ್ರಗಳ ಮುಂದಿದ್ದ ಹೆಂಗಸರು ತಮ್ಮಲ್ಲೊಬ್ಬಳ ಮನೆಯ ವಿಷಯ ಬಯಲಾದಾಗ ನೋಡುವಂತೆ ಮೇಡಂ ಅವರನ್ನು ನೋಡುತ್ತಿದ್ದರು. ಧ್ವನಿಯವರು ಹೆಡ್‌ಫೋನಿನ ಮೇಲೆ ಎರಡೂ ಕೈ ಒತ್ತಿ ಹಿಡಿದು ಕಣ್ಣು ಮುಚ್ಚಿದ್ದರು. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳಲು ಕೈಯಲ್ಲಿದ್ದ ಕೆಂಪು ಬಟ್ಟೆಯೇ ಸಿಕ್ಕಿತು.

ಬಾಗಿಲಲ್ಲಿ ಫೋನ್ ಹಿಡಿದು ನಿಂತಿದ್ದ ಮ್ಯಾನೇಜರು ಅದನ್ನು ಜೇಬಿಗೆ ಹಾಕಿ, ಹತ್ತಿಯ ರಾಶಿಯ ಬುಡಕ್ಕೆ ಬಂದು ನಿಂತರು. ಆ ಕೊನೆಯ ಮಾತು ಬರೆದದ್ದರಲ್ಲಿ ಇರಲಿಲ್ಲವಲ್ಲ, ನೀವು ಹೇಳಿಕೊಟ್ಟಿದ್ದೇನು ಎಂದು ತಗ್ಗಿದ ದನಿಯಲ್ಲಿ ಕೇಳಿದರು.

"ಇಲ್ರಿ" ಅಂದೆ, ಮೇಡಂ ಕಡೆ ನೋಡುತ್ತ. "ಅದು ಆಕೀದು."